ರಸ್ತೆ ಕಡೆಯ ಅಡುಗೆಮನೆ

೪ ನವೆಂಬರ್ ೨೦೦೧, ಭಾನುವಾರ

ಬೆಳಿಗ್ಗೆ ಹತ್ತಕ್ಕೆ ಇವರ ಅಣ್ಣ, ಬೆಳ್ಳಿಯಪ್ಪ ಭಾವ, ಜೀಪಿನಲ್ಲಿ ಬಂದರು. ಮೂಡಿಗೆರೆಯ ಇಂಜಿನಿಯರ್ ಹತ್ತಿರ ನಮ್ಮ ಮನೆಗೆ ಮಾಡಿಸಿದ ನಕ್ಷೆಯನ್ನು ಸುರುಳಿ ಸುತ್ತಿ ತಂದಿದ್ದರು. ಇವರೂ ಭಾವನೂ ಮುಂದಿನ ಕೋಣೆಯ ಮೇಜಿನ ಮೇಲೆ ಅದನ್ನು ಹರಡಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು ನೋಡಿದರು. ಲೋಟ ತಂದುಕೊಟ್ಟವಳು ನಾನು. ನೀನೂ ನೋಡು ಎಂದು ಯಾರೂ ಹೇಳಲಿಲ್ಲ.

ಅವರು ಎದ್ದುಹೋದ ಮೇಲೆ ನೋಡಿದೆ. ಮುಂದೆ ಪೋರ್ಟಿಕೊ, ಅದರ ಹಿಂದೆ ಹಾಲ್, ಎರಡು ಮಲಗುವ ಕೋಣೆ, ದೇವರ ಮನೆ. ಅಡುಗೆಮನೆಯನ್ನು ಹುಡುಕಬೇಕಾಯಿತು. ಹಿಂದಿನ ಮೂಲೆಯಲ್ಲಿ ಏಳಡಿಗೆ ಎಂಟಡಿ. ಅದಕ್ಕೊಂದು ಪುಟ್ಟ ಕಿಟಕಿ, ಅದೂ ಹಿಂದಿನ, ಗುಡ್ಡ ಕಡಿದ ಮಣ್ಣಿನ ಧರೆಯ ಕಡೆಗೆ.

ಇವರು ಈ ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿ ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ನಾನು ಈ ಕ್ವಾರ್ಟರ್ಸಿನ ಹಿಂದಿನ ಅಡುಗೆಮನೆಯಲ್ಲಿ ಕಳೆದಿದ್ದೇನೆ. ಹಗಲಲ್ಲೂ ದೀಪ ಹಾಕಬೇಕು. ಬಂದವರ ಮುಖ ನನಗೆ ಕಾಣುವುದಿಲ್ಲ. ಮುಂದಿನ ಕೋಣೆಯ ಧ್ವನಿಗಳನ್ನು ಎಣಿಸಿ ಕಾಫಿಗೆ ನೀರಿಡುತ್ತೇನೆ. ಮಾತಾಡದೆ ಕೂತವರಿದ್ದರೆ ಒಂದು ಲೋಟ ಕಡಿಮೆ ಬೀಳುತ್ತದೆ. ಬೈಸಿಕೊಳ್ಳುವವಳೂ ನಾನೇ.

ಮಾರ್ಚ್ ಕೊನೆಗೆ ಇವರಿಗೆ ನಿವೃತ್ತಿ. ಮೇ ಮುಗಿಯುವುದರೊಳಗೆ ಕ್ವಾರ್ಟರ್ಸ್ ಖಾಲಿ ಮಾಡಬೇಕು. ಜೂನಿನಲ್ಲಿ ಮಳೆ ಹಿಡಿಯಿತೆಂದರೆ ಕಟ್ಟುವ ಕೆಲಸ ಯಾವುದೂ ನಡೆಯುವುದಿಲ್ಲ. ಬಣಕಲ್‌ನಲ್ಲಿ ರಸ್ತೆ ಬದಿಗೆ ನನ್ನ ಅವ್ವ ನನ್ನ ಹೆಸರಿಗೆ ಬರೆದುಕೊಟ್ಟ ನಿವೇಶನ ಇದೆ. ಅಲ್ಲೇ ಮನೆ.

ಕಾಫಿ ಮಂಡಿಯವರು ವರ್ಷ ವರ್ಷ ಕೊಡುವ ಡೈರಿ ಇದು. ಇವರು ಬಳಸುವುದಿಲ್ಲ. ಇಲ್ಲಿ ಬರೆದದ್ದನ್ನು ಯಾರೂ ಓದುವುದಿಲ್ಲ, ಅದಕ್ಕೇ ಬರೆದೆ.

೭ ನವೆಂಬರ್

ಊಟ ಬಡಿಸುವಾಗ ಇವರನ್ನು ಕೇಳಿದೆ. "ಆ ಅಡುಗೆಮನೆ ಕಿಟಕಿ ಸ್ವಲ್ಪ ದೊಡ್ಡದು ಮಾಡ್ಸೋಕೆ ಆಗುತ್ತಾ?"

"ಅಣ್ಣನ್ನ ಕೇಳ್ತೀನಿ."

"ನೀವು ಕೇಳೋದು ಬೇಡ ಅಂದ್ರೆ ಬಿಡಿ."

"ಕೇಳ್ತೀನಿ ಅಂದ್ನಲ್ಲ ಮಾರಾಯ್ತಿ."

ಅತ್ತೆ ಜವರಮ್ಮನವರಿಗೆ ಈಗ ಎಂಬತ್ತು. ಕಣ್ಣು ಮಂಜು, ಕಿವಿ ಚುರುಕು. ಅವರ ಕೋಣೆಯಿಂದಲೇ ಕೂಗಿ ಹೇಳಿದರು: "ಅಡುಗೆಮನೆಗೆ ದೊಡ್ಡ ಕಿಟಕಿ ಯಾಕೆ, ಅಲ್ಲೇನು ನಾಟಕ ನೋಡ್ಬೇಕಾ?"

ಕೇಳಬಾರದಿತ್ತು ಅನಿಸಿತು. ದೊಡ್ಡ ಕಿಟಕಿ ಅಂದರೂ ಆ ಧರೆಯ ಮಣ್ಣೇ ತಾನೆ ಕಾಣುವುದು.

೧೧ ನವೆಂಬರ್, ಭಾನುವಾರ

ಇಂಜಿನಿಯರ್ ನಿವೇಶನ ನೋಡಲು ಬರುತ್ತಾರೆಂದು ಎಲ್ಲರೂ ಬಣಕಲ್‌ಗೆ ಹೋದೆವು. ನಾನು ಹೋದದ್ದು ಕಿಟಕಿಯ ವಿಷಯ ನೆನಪಿಸಲಿಕ್ಕೆ. ಅಲ್ಲಿ ನಿಂತಾಗ ಕೊಟ್ಟಿಗೆಹಾರದ ಕಡೆಯಿಂದ ಬಸ್ಸು ತಿರುವಿನಲ್ಲಿ ಇಳಿದು ಬಂತು. ಮೇಲೆ ಮೂಟೆ, ಮೂಟೆಯ ಮೇಲೆ ಒಂದು ಸೈಕಲ್ಲು. ಕಿಟಕಿಯಲ್ಲಿ ಒಬ್ಬಳು ಮಗುವಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು. ಅದು ಕಣ್ಣ ಮುಂದೆ ಹಾದುಹೋದ ಮೇಲೂ ನಾನು ಅಲ್ಲೇ ನೋಡುತ್ತಿದ್ದೆ.

ಬಾಯಿಂದ ಬಂದೇಬಿಟ್ಟಿತು. "ಅಡುಗೆಮನೆ ಇಲ್ಲಿ ಬರ್ಲಿ. ಈ ಮುಂದಿನ ಕಡೆಗೆ."

ಇಂಜಿನಿಯರ್ ನಕ್ಕರು. ಚಿಕ್ಕ ವಯಸ್ಸಿನವರು, ಕೆಟ್ಟವರಲ್ಲ. "ಎಲಿವೇಶನ್ ಹಾಳಾಗುತ್ತೆ ಮೇಡಂ."

ಹಾಗೆಂದರೇನು ಎಂದು ಕೇಳಿದೆ. ರಸ್ತೆಯಿಂದ ನೋಡಿದರೆ ಮನೆ ಹೇಗೆ ಕಾಣುತ್ತದೆ ಎನ್ನುವುದಂತೆ. ಮನೆಯಿಂದ ರಸ್ತೆ ಹೇಗೆ ಕಾಣುತ್ತದೆ ಎನ್ನುವುದಕ್ಕೆ ಏನು ಹೇಳುತ್ತೀರಿ ಎಂದೆ. ಅದಕ್ಕೆ ಹೆಸರಿಲ್ಲವಂತೆ.

ಭಾವ ಗಂಟಲು ಸರಿಮಾಡಿಕೊಂಡರು. "ನಿವೇಶನದ ಮುಖ ಪಡುವಣಕ್ಕೆ. ಆಗ್ನೇಯ ಅಂದ್ರೆ ಹಿಂದಿನ ಮೂಲೆ. ಆಗ್ನೇಯ ಬಿಟ್ಟು ಒಲೆ ಎಲ್ಲಾದ್ರೂ ಇಡ್ತಾರೇನಮ್ಮ?"

ಇವರು ನನ್ನ ಸೆರಗು ಮೆಲ್ಲಗೆ ಎಳೆದರು. ಬಸ್ಸಿನಲ್ಲಿ ವಾಪಸು ಬರುವಾಗ ನೆನಪಾಯಿತು: ಕ್ವಾರ್ಟರ್ಸಿನ ಅಡುಗೆಮನೆ ಈಶಾನ್ಯದಲ್ಲಿದೆ. ಅಲ್ಲಿ ಬೇಯಿಸಿದ್ದನ್ನೇ ಇಪ್ಪತ್ತಾರು ವರ್ಷ ಎಲ್ಲರೂ ತಿಂದದ್ದು. ಭಾವನೂ ತಿಂದಿದ್ದಾರೆ. ಮೆಚ್ಚಿ ತಿಂದಿದ್ದಾರೆ.

೧೫ ನವೆಂಬರ್

ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಚುಕ್ಕಿ ಇಟ್ಟೆ. ಒಂದು ಚುಕ್ಕಿಗೆ ಒಂದು ಅಡಿ. ನಿವೇಶನ ನಲವತ್ತಕ್ಕೆ ಅರವತ್ತು. ರಂಗೋಲಿಗೆ ಇಷ್ಟು ಚುಕ್ಕಿ ಇಟ್ಟವಳಲ್ಲ, ಆದರೂ ತಪ್ಪಲಿಲ್ಲ. ಮನೆಯ ಗೋಡೆ ಬಂದ ಕಡೆ ಗೆರೆ ಎಳೆದೆ. ಅಡುಗೆಮನೆ ಹತ್ತಕ್ಕೆ ಹನ್ನೆರಡು, ರಸ್ತೆಗೆ ಮುಖ, ಆರಡಿ ಅಗಲದ ಕಿಟಕಿ. ಅಳಿಸಿದೆ. ಕಿಟಕಿ ನಾಲ್ಕಡಿ ಮಾಡಿದೆ. ಮತ್ತೆ ಅಳಿಸಿ ಆರೇ ಮಾಡಿದೆ.

ಯಾರಿಗೂ ತೋರಿಸಿಲ್ಲ.

೧೮ ನವೆಂಬರ್, ಭಾನುವಾರ

ಕಾಗದದ ಮೇಲೆ ಮನೆ ಎಷ್ಟು ದೊಡ್ಡದೆಂದು ನನಗೆ ತಿಳಿಯುವುದಿಲ್ಲ. ಕಾಫಿ ಕೊಯ್ಲು ಶುರುವಾಗುವುದಕ್ಕೆ ಇನ್ನೂ ಒಂದು ವಾರ ಇದೆ, ಒಣಗಿಸುವ ಕಣ ಖಾಲಿ ಬಿದ್ದಿದೆ. ರಂಗೋಲಿ ಪುಡಿಯ ಡಬ್ಬಿ ತೆಗೆದುಕೊಂಡು ಹೋಗಿ ಇಡೀ ಮನೆಯನ್ನು ಅದರ ನಿಜವಾದ ಅಳತೆಗೆ ಕಣದ ಮೇಲೆ ಬರೆದೆ. ಎರಡು ಗಂಟೆ ಹಿಡಿಯಿತು, ಸೊಂಟ ಬಿದ್ದುಹೋಯಿತು.

ಆಮೇಲೆ ಒಳಗೆ ಓಡಾಡಿದೆ. ಒಲೆ ಇಲ್ಲಿ, ತೊಳೆಯುವುದು ಅಲ್ಲಿ, ಅಕ್ಕಿ ಡಬ್ಬ ಇಲ್ಲಿ. ಕೈಯಲ್ಲಿ ಕಾವಲಿ ಹಿಡಿದು ರೊಟ್ಟಿ ಬೇಯಿಸುವವಳ ಹಾಗೆ ತಿರುಗಿದೆ. ಇಂಜಿನಿಯರ್ ಬರೆದ ಅಡುಗೆಮನೆಯಿಂದ ಮುಂಬಾಗಿಲಿಗೆ ಮೂವತ್ತೊಂದು ಹೆಜ್ಜೆ ಆಗುತ್ತದೆ. ನನ್ನದರಲ್ಲಿ ಆರು.

ತೋಟದ ಕೂಲಿ ಲೈನಿನ ಹೆಂಗಸರು ಬಂದು ಕಣದ ಅಂಚಿಗೆ ನಿಂತರು. ಮೊದಲು ನಕ್ಕರು. ಆಮೇಲೆ ವಯಸ್ಸಾದ ಒಬ್ಬಳು ಗೆರೆ ದಾಟಿ ಒಳಗೆ ಬಂದು, "ಅಮ್ಮ, ಒಲೆ ಹಿಂಗಿಟ್ರೆ ರಸ್ತೆಗೆ ಬೆನ್ನಾಯ್ತಲ್ಲ. ಮತ್ತೆ ಕಿಟಕಿ ಯಾರಿಗೆ?" ಅಂದಳು. ಹೌದಲ್ಲ. ಅಳಿಸಿ ಒಲೆಯನ್ನು ಕಿಟಕಿಯ ಕೆಳಗೇ ಬರೆದೆ. ಇನ್ನೊಬ್ಬಳು ಗೆರೆಯ ಬಾಗಿಲಲ್ಲಿ ಸುಮ್ಮನೆ ಹೋಗಿ ಬಂದಳು. ಗೋಡೆಯ ಗೆರೆಯನ್ನು ಯಾರೂ ತುಳಿಯಲಿಲ್ಲ.

ಇವರು ಆಫೀಸಿನ ಬಾಗಿಲಿಂದ ನೋಡಿ ಒಳಗೆ ಹೋಗಿಬಿಟ್ಟರು. ನಾಚಿಕೆಯಾಗಿರಬೇಕು.

೨೬ ನವೆಂಬರ್

ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಪಂಚಾಯಿತಿ ಪರವಾನಗಿಯ ಅರ್ಜಿ ತಂದ ಭಾವ, ಅದರ ಮೇಲೆ ಪೆನ್ನಿಟ್ಟು ನನ್ನನ್ನು ಹೊರಗೆ ಕರೆದರು. "ನಿವೇಶನ ನಿನ್ನ ಹೆಸರಲ್ಲಿದೆ ನೋಡು, ಮಾಲೀಕರ ಸಹಿ ಬೇಕಂತೆ. ಇಲ್ಲಿ, ನಕ್ಷೆ ಮೇಲೆ ಒಂದು, ಅರ್ಜಿ ಮೇಲೆ ಒಂದು."

ಪೆನ್ನು ತೆಗೆದುಕೊಂಡೆ. ಮಾಲೀಕರು ಎಂದು ಅಚ್ಚು ಹಾಕಿದ್ದ ಕಡೆ ನೋಡಿದೆ. ಪೆನ್ನು ಕೆಳಗಿಟ್ಟೆ.

"ಈ ನಕ್ಷೆಗೆ ಹಾಕಲ್ಲ ಭಾವ."

"ಏನಂದೆ?"

"ನನ್ನ ಹತ್ರ ಒಂದು ನಕ್ಷೆ ಇದೆ. ಅದಕ್ಕೆ ಹಾಕ್ತೀನಿ."

ಕ್ಯಾಲೆಂಡರ್ ಹಾಳೆ ತಂದುಕೊಟ್ಟೆ. ಅವರು ಅದನ್ನು ಒಮ್ಮೆ ತಿರುಗಿಸಿ ದೇವರ ಚಿತ್ರ ನೋಡಿದರು, ಮತ್ತೆ ತಿರುಗಿಸಿ ಚುಕ್ಕಿ ನೋಡಿದರು. ಇವರ ಕಡೆಗೆ ತಿರುಗಿ, "ಏನೋ ರಂಗನಾಥ, ರಂಗೋಲಿ ಇಟ್ಕೊಂಡು ಮನೆ ಕಟ್ತಾರೇನೋ?" ಎಂದರು. ಇವರು ನೆಲ ನೋಡುತ್ತಿದ್ದರು.

"ಬೀದಿ ಕಡೆ ಒಲೆ ಇಡೋರು ಹೋಟ್ಲಿನವ್ರಮ್ಮ. ನಮ್ಮ ಮನೆತನದಲ್ಲಿ ಯಾರೂ ಇಟ್ಟಿಲ್ಲ."

"ಹೋಟ್ಲಿನವ್ರಿಗಾದ್ರೂ ಬೆಳಕು ಬೇಕು ಅಂತ ಗೊತ್ತಿದೆ ಭಾವ."

ಇದನ್ನು ಹೇಳಿದ್ದು ನಾನೇ. ಅವರು ನಕ್ಷೆ, ಅರ್ಜಿ, ಪೆನ್ನು ಮೂರನ್ನೂ ಅಲ್ಲೇ ಬಿಟ್ಟು ಜೀಪು ಹತ್ತಿದರು.

೨ ಡಿಸೆಂಬರ್

ಇವರು ಮಾತಾಡುತ್ತಿಲ್ಲ. ಅತ್ತೆ ಗೋಡೆಗೆ ಹೇಳುವವರ ಹಾಗೆ ಹೇಳುತ್ತಾರೆ: "ದಾರೀಲಿ ಹೋಗೋರ ಕಣ್ಣೆಲ್ಲ ಒಲೆ ಮೇಲೆ ಬೀಳುತ್ತೆ. ಏನು ಬೇಯಿಸ್ತಾರೆ, ಏನು ತಿಂತಾರೆ ಅಂತ ಊರಿಗೆಲ್ಲ ಗೊತ್ತಾಗುತ್ತೆ."

ಒಣಮೀನು ಸುಟ್ಟರೆ ಈಗಲೂ ಗೊತ್ತಾಗುತ್ತದೆ ಎಂದೆ. ನಾನೂ ಗೋಡೆಗೇ ಹೇಳಿದೆ.

೧೦ ಡಿಸೆಂಬರ್

ಮೂಡಿಗೆರೆಗೆ ಒಬ್ಬಳೇ ಹೋಗಿಬಂದೆ. ಇಂಜಿನಿಯರ್ ಆಫೀಸಿನಲ್ಲಿ ಮುಕ್ಕಾಲು ಗಂಟೆ ಕೂರಿಸಿದರು. ಕ್ಯಾಲೆಂಡರ್ ಹಾಳೆ ಮೇಜಿನ ಮೇಲೆ ಬಿಚ್ಚಿಟ್ಟು, "ಇದನ್ನ ನಿಮ್ಮ ಕಾಗದದ ಮೇಲೆ ಬರ್ಕೊಡಿ" ಅಂದೆ.

"ಬೆಳ್ಳಿಯಪ್ಪನವ್ರು ಒಪ್ಪಿದಾರಾ ಮೇಡಂ?"

"ನಿವೇಶನ ಬೆಳ್ಳಿಯಪ್ಪನವ್ರದ್ದಲ್ಲ."

ಚುಕ್ಕಿ ಎಣಿಸಿ ನೋಡಿದರು. ಅಳತೆ ಎಲ್ಲೂ ತಪ್ಪಿಲ್ಲವಲ್ಲ ಎಂದರು, ಆಶ್ಚರ್ಯದಲ್ಲಿ. ಅಡುಗೆ ಕಟ್ಟೆಯ ಎತ್ತರ ಮೂವತ್ತೆರಡು ಇಂಚು ಇಡುವುದು ವಾಡಿಕೆಯಂತೆ. ಯಾರ ವಾಡಿಕೆ ಎಂದು ಕೇಳಿದೆ. ನಾನು ಬೇರೆ ಬೇರೆ ಎತ್ತರದ ಸ್ಟೂಲು, ಪೆಟ್ಟಿಗೆಗಳ ಮೇಲೆ ಮಣೆ ಇಟ್ಟು ರೊಟ್ಟಿ ತಟ್ಟಿ ನೋಡಿದ್ದೇನೆ. ನನಗೆ ಇಪ್ಪತ್ತೊಂಬತ್ತು ಇಂಚಿಗೆ ಭುಜ ನೋಯುವುದಿಲ್ಲ. ಇಪ್ಪತ್ತೊಂಬತ್ತು ಎಂದು ಬರೆಸಿಯೇ ಎದ್ದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು.

೬ ಜನವರಿ ೨೦೦೨, ಭಾನುವಾರ

ಹೊಸ ಡೈರಿ ಇನ್ನೂ ಬಂದಿಲ್ಲ, ಹಳೆಯದರ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ನಕ್ಷೆಗೆ ನಾನೇ ಸಹಿ ಹಾಕಿದೆ, ಪಂಚಾಯಿತಿ ಪರವಾನಗಿ ಸಿಕ್ಕಿತು, ಪಾಯ ಮುಗಿದಿದೆ. ಕಟ್ಟುತ್ತಿರುವವರು ಬಣಕಲ್‌ನ ರಜಾಕ್ ಮೇಸ್ತ್ರಿ. ಈ ಸುತ್ತಿನ ಮೂವತ್ತು ಮನೆ ಅವರ ಕೈಯಿಂದಲೇ ಎದ್ದಿವೆ. ಭಾವನ ಕೆಲಸವನ್ನೂ ಅವರೇ ಮಾಡುವುದು, ಆದ್ದರಿಂದ ನಮ್ಮದಕ್ಕೆ ಒಪ್ಪುವಾಗ ಸ್ವಲ್ಪ ಹಿಂದೆ ಮುಂದೆ ನೋಡಿದ್ದರು.

ಇಂದು ಗೋಡೆಯ ಗುರುತು ಹಾಕುವಾಗ ಮೇಸ್ತ್ರಿ ಕೇಳಿದರು. "ಅಕ್ಕ, ವಾಸ್ತು ಗೀಸ್ತು ನಂಗೆ ಬೇಡ. ನಂಗೆ ಹೆದ್ರಿಕೆ ಮಳೇದು. ಪಡುವಣದ ಗಾಳಿ ಮಳೆ ನಿಮಗೆ ಗೊತ್ತಲ್ಲ. ಆರಡಿ ಕಿಟಕಿ ಇಟ್ರೆ ನಿಮ್ಮ ಒಲೆ ಮೇಲೇ ಹೊಡೀತದೆ. ಗ್ಯಾಸ್ ಹತ್ತೋದೇ ಇಲ್ಲ."

"ಹೆಂಚಿನ ಮಾಡಿನ ಸೂರು ಮುಂದಕ್ಕೆ ತಂದ್ರೆ?"

"ಎಷ್ಟು ತರ್ತೀರಾ? ಎರಡಡಿ? ಮೂರಡಿ? ಎಷ್ಟು ಸಾಕು ಅಂತ ಯಾರಿಗೆ ಗೊತ್ತು?"

ಬೆಳಕಿನ ವಿಷಯ ಅಷ್ಟು ಯೋಚಿಸಿದವಳು ಮಳೆಯನ್ನು ಮರೆತಿದ್ದೆ. ಈ ಊರಲ್ಲಿ ಹುಟ್ಟಿ ಮಳೆಯನ್ನು ಮರೆತವಳು ನಾನೊಬ್ಬಳೇ ಇರಬೇಕು. ಭಾವನೇ ಸರಿಯೇನೋ.

೧೨ ಜನವರಿ

ಬಟ್ಟೆ ಒಣಹಾಕುತ್ತಿದ್ದಾಗ ಬಚ್ಚಲಿನ ಪಡುವಣ ಗೋಡೆ ಕಣ್ಣಿಗೆ ಬಿತ್ತು. ಇಷ್ಟು ವರ್ಷವೂ ಅಲ್ಲೇ ಇತ್ತು. ಮಳೆಗಾಲದ ಪಾಚಿ ಈಗ ಒಣಗಿ ಕಪ್ಪಾಗಿ ಗೋಡೆಗೆ ಅಂಟಿದೆ. ಕೆಳಗಿನಿಂದ ನನ್ನ ಎದೆಯವರೆಗೆ ಕಪ್ಪು, ಅಲ್ಲಿಂದ ಮೇಲೆ ಸುಣ್ಣ ಬಿಳಿಯಾಗೇ ಇದೆ. ಗೆರೆ ಎಳೆದ ಹಾಗಿದೆ.

ಮಳೆ ಎಲ್ಲಿಯವರೆಗೆ ಹೊಡೆಯುತ್ತದೆಂದು ಗೋಡೆಯೇ ಬರೆದಿಟ್ಟಿದೆ. ಸೂರು ಎಷ್ಟು ಮುಂದಿದೆ ಎಂದು ಬಟ್ಟೆ ಹೊಲಿಯುವ ಟೇಪಿನಲ್ಲಿ ಅಳೆದೆ. ಎರಡಡಿ.

ಓಡಿಹೋಗಿ ಕಾಫಿ ಗೋದಾಮಿನ ಗೋಡೆ ನೋಡಿದೆ. ಅದಕ್ಕೆ ಸೂರು ನಾಲ್ಕಡಿ. ಪಾಚಿ ಮೊಣಕಾಲಿನಿಂದ ಸ್ವಲ್ಪ ಮೇಲಕ್ಕೆ ಬಂದು ನಿಂತಿದೆ.

೧೪ ಜನವರಿ

ಎಸ್ಟೇಟಿನ ಪಡುವಣ ಗೋಡೆಗಳೆಲ್ಲ ಮುಗಿದವು. ಬಣಕಲ್‌ನಲ್ಲಿ ಎಂಟು ಮನೆ, ಎರಡು ಅಂಗಡಿ. ಒಂದಡಿ ಸೂರಿನ ಅಂಗಡಿಯಲ್ಲಿ ಪಾಚಿ ಹೆಚ್ಚುಕಡಿಮೆ ಮಾಡಿನವರೆಗೂ ಹತ್ತಿದೆ. ಜನ ನಿಂತು ನೋಡುತ್ತಾರೆ. ಒಬ್ಬರು ಗೋಡೆಗೆ ರವಿಕೆ ಹೊಲಿಯುತ್ತೀರಾ ಎಂದು ಕೇಳಿದರು. ಹೌದು, ತೋಳಿನ ಅಳತೆ ತೆಗೆಯುತ್ತಿದ್ದೇನೆ ಎಂದೆ.

ಎಸ್ಟೇಟಿನ ಸಾಹುಕಾರರ ಬಂಗಲೆಯ ಗೋಡೆ ಒಂದು ಬಾಕಿ. ಅಲ್ಲಿಗೆ ನಾನೊಬ್ಬಳೇ ಹೋಗುವಂತಿಲ್ಲ.

೧೭ ಜನವರಿ

ಮಧ್ಯಾಹ್ನ ಇವರು ಆಫೀಸಿನಿಂದ ಬಂದು ಬಾಗಿಲಲ್ಲೇ ನಿಂತು, "ಸಾವ್ಕಾರ್ರು ಚಿಕ್ಕಮಗಳೂರಿಗೆ ಹೋಗಿದಾರೆ. ಬಟ್ಲರ್‌ಗೆ ಹೇಳಿದೀನಿ. ಟೇಪ್ ತಗೋ" ಅಂದರು.

ಬಂಗಲೆಯ ಸೂರು ಐದಡಿ. ಮೇಲಿನ ಅಂಚಿಗೆ ನನ್ನ ಕೈ ಎಟಕಲಿಲ್ಲ. ಇವರು ಕುರ್ಚಿ ಹತ್ತಿ ಟೇಪಿನ ತುದಿ ಹಿಡಿದರು. ಪಾಚಿ ಗೋಡೆಯ ಬುಡದಲ್ಲಿ ಒಂದು ಗೇಣು ಮಾತ್ರ. ಇವರು ಚೀಟಿಯಲ್ಲಿ ಬರೆದುಕೊಂಡರು, ಹಾಜರಿ ಪುಸ್ತಕದಲ್ಲಿ ಬರೆಯುವ ಅದೇ ದುಂಡು ಅಕ್ಷರ.

ನಾಲ್ಕೂವರೆ ಅಡಿ ಸೂರು ಕೊಟ್ಟು ಕಿಟಕಿಯನ್ನು ಕಟ್ಟೆಗಿಂತ ಒಂದು ಗೇಣು ಮೇಲಿಂದ ಶುರು ಮಾಡಿದರೆ ಮಳೆ ಕಿಟಕಿಯ ಕೆಳಗೇ ನಿಲ್ಲಬೇಕು. ಇವರೂ ಲೆಕ್ಕ ಮಾಡಿ ಹೌದೆಂದರು. ಭಾವನ ಮಾತು ಇಬ್ಬರೂ ಎತ್ತಲಿಲ್ಲ.

೧೭ ಫೆಬ್ರವರಿ, ಭಾನುವಾರ

ಗೋಡೆ ಕಿಟಕಿಯ ಮೇಲ್ಮಟ್ಟಕ್ಕೆ ಬಂದಿದೆ. ಭಾವ ಇವತ್ತು ಮೊದಲ ಸಲ ಬಂದರು. ನನ್ನನ್ನು ನೋಡಲಿಲ್ಲ. ಮೇಸ್ತ್ರಿಯನ್ನು ಕೇಳಿದರು: "ನಾಲ್ಕೂವರೆ ಅಡಿ ಸೂರಾ? ಆಷಾಢದ ಗಾಳಿಗೆ ಇಡೀ ಮಾಡೇ ಎದ್ದುಹೋಗುತ್ತಲ್ಲೋ."

ಮೇಸ್ತ್ರಿ, "ಗೋಡೆಯಿಂದ ಓರೆಯಾಗಿ ಮರದ ಆಸರೆ ಕೊಡ್ತೀನಿ, ಅಂಚಿನ ಹೆಂಚಿಗೆಲ್ಲ ತಂತಿ ಕಟ್ತೀನಿ ಅಣ್ಣ. ನಿಲ್ತದೆ" ಎಂದರು.

ಭಾವ ಜೀಪಿನ ಹತ್ತಿರ ಹೋಗಿ ಮೇಸ್ತ್ರಿಯನ್ನು ಕರೆದು ಏನೋ ಹೇಳಿದರು. ಮೇಸ್ತ್ರಿ ತಲೆ ತಗ್ಗಿಸಿ ವಾಪಸು ಬಂದರು. ಭಾವನ ಕಣದ ಸಿಮೆಂಟು ಬಿರುಕು ಬಿಟ್ಟಿದೆಯಂತೆ, ರೊಬಸ್ಟಾ ಕಾಫಿ ಒಣಗಿಸಬೇಕು, ನಾಳೆಯಿಂದಲೇ ಬೇಕಂತೆ. "ಹದಿನೈದು ವರ್ಷದಿಂದ ಅವ್ರ ಅನ್ನ ತಿಂತಿದೀನಿ ಅಕ್ಕ. ಇಲ್ಲ ಅನ್ನೋಕಾಗಲ್ಲ."

ಎಷ್ಟು ದಿನ ಎಂದೆ. ಗೊತ್ತಿಲ್ಲ ಎಂದರು.

೨೬ ಫೆಬ್ರವರಿ

ಹೊಸ ಗೋಡೆಗೆ ದಿನಾ ನೀರು ಬೀಳದಿದ್ದರೆ ಬಿರುಕು ಬಿಡುತ್ತದೆ. ಬೆಳಗಿನ ಅಡುಗೆ ಮುಗಿಸಿ ಎಂಟರ ಬಸ್ಸಿಗೆ ಹೋಗಿ, ಕೊಡದಲ್ಲಿ ಹೊತ್ತು ಹಾಕಿ, ಹನ್ನೆರಡಕ್ಕೆ ಬರುತ್ತೇನೆ. ಒಂಬತ್ತು ದಿನ ಆಯಿತು. ಮಾಡಿಲ್ಲದ ಮನೆಯೊಳಗೆ ಬಿಸಿಲು ಪೂರ್ತಿ ಬೀಳುತ್ತದೆ.

ಬೇರೆ ಮೇಸ್ತ್ರಿ ಯಾರೂ ಒಪ್ಪುತ್ತಿಲ್ಲ. ಭಾವ ಬೇಡ ಎಂದಿದ್ದಾರೆಂದು ಯಾರೂ ನನಗೆ ಹೇಳಬೇಕಾಗಿಲ್ಲ.

೧ ಮಾರ್ಚ್

ನೀರು.

೩ ಮಾರ್ಚ್

ನೀರು. ಅತ್ತೆ ಗೋಡೆಗೆ ಹೇಳುವುದನ್ನು ಬಿಟ್ಟಿದ್ದಾರೆ. ನಾನು ಬಂದ ಕೂಡಲೇ, "ಕಾಲಿಗೆ ಎಣ್ಣೆ ಹಚ್ಕೋ" ಎಂದರು.

೫ ಮಾರ್ಚ್

ರಜಾಕ್ ಮೇಸ್ತ್ರಿಯ ಮನೆಗೆ ಹೋದೆ. ಅವರಿರಲಿಲ್ಲ, ಭಾವನ ಕಣದಲ್ಲೇ ಇದ್ದರು. ಅವರ ಹೆಂಡತಿ ರಹೀಮಾ ಒಳಗೆ ಕರೆದಳು. ನಾನು ಹೊರಗಿನ ಕೋಣೆಯಲ್ಲಿ ಕೂರದೆ ಅವಳ ಹಿಂದೆಯೇ ಅಡುಗೆಮನೆಗೆ ಹೋದೆ. ಒಳಗೆ ಕತ್ತಲೆ. ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು.

ಸುತ್ತ ನೋಡಿದೆ. ಅವಳೇ ಹೇಳಿದಳು.

"ಮೂವತ್ತು ಮನೆ ಕಟ್ಟಿದಾರೆ ಅಕ್ಕ. ಕಟ್ಟಿ ಮುಗಿಸಿದ ಮೇಲೆ ಯಾರ ಅಡುಗೆಮನೆಗೂ ಕಾಲಿಟ್ಟು ನೋಡಿಲ್ಲ. ಇದಕ್ಕೂ ಕಾಲಿಟ್ಟಿಲ್ಲ. ಚಾ ಅಂದ್ರೆ ಚಾ ಬರ್ತದೆ, ಅಷ್ಟೇ ಗೊತ್ತು."

"ನನ್ನ ಕೆಲಸ ನಿಂತಿದೆ ರಹೀಮಾ. ಮಳೆಗೆ ಮುಂಚೆ ಮಾಡು ಆಗದಿದ್ರೆ ಗೋಡೆ ಕೂಡ ಉಳಿಯಲ್ಲ. ನಾವು ಎಲ್ಲಿಗೆ ಹೋಗೋದೋ ಗೊತ್ತಿಲ್ಲ."

ಅವಳು ಚಾ ಸೋಸಿ ಕೊಟ್ಟಳು. "ಆ ಪಾಚಿ ಅಳೆದದ್ದು ನೀವೇನಾ? ಮನೆಗೆ ಬಂದು ಹೇಳಿದ್ರು. 'ಇಷ್ಟು ವರ್ಷ ಕಟ್ತಿದೀನಿ, ನಂಗೆ ಹೊಳೀಲಿಲ್ಲ ನೋಡು' ಅಂತ." ಸ್ವಲ್ಪ ಹೊತ್ತು ಒಲೆ ಊದಿದಳು. "ಅವ್ರು ಬರ್ತಾರೆ. ನಾನು ಹೇಳ್ತೀನಿ."

೮ ಮಾರ್ಚ್

ಬಂದರು. ಭಾವನ ಕಣ ಅರ್ಧ ಮುಗಿದಿದೆಯಂತೆ, ಉಳಿದದ್ದಕ್ಕೆ ತಮ್ಮನನ್ನು ಬಿಟ್ಟು ಬಂದಿದ್ದಾರೆ. "ಭಾವ ಬೈದ್ರಾ?" ಎಂದೆ. "ಬೈಲಿ ಅಕ್ಕ, ಅವ್ರು ದಿನಾ ಬೈಯೋದಿಲ್ಲ. ಮನೇಲಿ ದಿನಾ ಊಟ ಮಾಡ್ಬೇಕು ನಾನು" ಎಂದರು.

ಗೋಡೆಯನ್ನು ಬೆರಳಿಂದ ತಟ್ಟಿ ನೋಡಿ, ಒಂದೂ ಬಿರುಕಿಲ್ಲವಲ್ಲ ಎಂದರು. ಆಸರೆಯ ಮರ ಯಾವುದಿರಬೇಕೆಂದು ಅರ್ಧ ದಿನ ವಾದ ಮಾಡಿದೆವು. ಸಿಲ್ವರ್ ಓಕ್ ಎಂದರು, ಹಲಸು ಎಂದೆ. ಹಲಸಾಯಿತು.

೧ ಏಪ್ರಿಲ್

ನಿನ್ನೆಗೆ ಇವರ ಕೆಲಸ ಮುಗಿಯಿತು. ಶಾಲು ಹೊದಿಸಿದರು, ಫೋಟೊ ತೆಗೆದರು. ಇವತ್ತು ಬೆಳಿಗ್ಗೆ ಎಂದಿನ ಹಾಗೆ ಆರಕ್ಕೆ ಎದ್ದು, ಶರ್ಟು ಹಾಕಿ, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮೆಟ್ಟಿಲ ಮೇಲೆ ಕೂತಿದ್ದರು. "ಬನ್ನಿ, ಹೆಂಚು ಎಣಿಸೋರು ಬೇಕು ಅಲ್ಲಿ" ಎಂದೆ. ಬಂದರು. ಸಂಜೆ ಒಡೆದ ಹೆಂಚೆಷ್ಟು, ಸರಿ ಇರುವುದೆಷ್ಟು ಎಂದು ಪಟ್ಟಿ ಮಾಡಿ ನನ್ನ ಕೈಗೆ ಕೊಟ್ಟರು, ಸಾಹುಕಾರರಿಗೆ ಕೊಡುತ್ತಿದ್ದ ಹಾಗೆ.

೧೯ ಮೇ, ಭಾನುವಾರ

ಹಾಲು ಉಕ್ಕಿಸಿದೆವು. ಮಗಳು ದಿವ್ಯಾ, ಅಳಿಯ ಹಾಸನದಿಂದ ಬಂದಿದ್ದರು. ಭಾವನನ್ನು ಕರೆಯಲು ಇವರೇ ಹೋಗಿದ್ದರು. ಬರಲಿಲ್ಲ. ಎಲ್ಲ ಮನೆಯಲ್ಲೂ ಹಾಲು ಉಕ್ಕುವುದನ್ನು ಒಳಗೆ ನುಗ್ಗಿ ನೋಡಬೇಕು. ಇಲ್ಲಿ ಅಂಗಳದಲ್ಲಿ ನಿಂತವರಿಗೆಲ್ಲ ಕಂಡಿತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸಿನವನು ಕೂಡ ನಿಧಾನ ಮಾಡಿ ಹಾರ್ನ್ ಹೊಡೆದ.

ಅತ್ತೆ ತಮ್ಮ ಕುರ್ಚಿಯನ್ನು ಅಡುಗೆಮನೆಗೇ ಹಾಕಿಸಿಕೊಂಡರು. ದೃಷ್ಟಿಯಾಗುವುದಿಲ್ಲವಾ ಎಂದು ಕೇಳಿದೆ. "ಸುಮ್ನಿರು. ಇಲ್ಲಿ ನಿನ್ನ ಕೈ ಕಾಣ್ತದೆ" ಎಂದರು.

ನಾನು ಸಂಜೆಯವರೆಗೂ ಅಲ್ಲಿಂದ ಕದಲಲಿಲ್ಲ. ಕೆಲಸ ಮುಗಿದಿತ್ತು, ಆದರೂ ನಿಂತಿದ್ದೆ.

೧೬ ಜೂನ್, ಭಾನುವಾರ

ಮಳೆ ಹಿಡಿದು ಮೂರನೆಯ ದಿನ. ಗಾಳಿಗೆ ರಸ್ತೆಯಾಚೆಯ ಮರ ಒಂದು ಮಲಗಿತು. ಮಾಡು ಕದಲಲಿಲ್ಲ. ಒಲೆಗೆ ಹನಿ ಬೀಳಲಿಲ್ಲ.

ಆದರೆ ಕಟ್ಟೆಯ ಎಡ ಮೂಲೆಯಲ್ಲಿ ನಾಲ್ಕು ಬೆರಳಗಲ ಒದ್ದೆ. ನಾನು ಗಾಳಿ ನೇರ ಪಡುವಣದಿಂದ ಬರುತ್ತದೆಂದು ಲೆಕ್ಕ ಹಾಕಿದ್ದೆ. ಬರುವುದು ನೈಋತ್ಯದಿಂದ. ತಪ್ಪು ನನ್ನದೇ, ಮೇಸ್ತ್ರಿಯದಲ್ಲ. ಆ ಕಡೆಯ ಆಸರೆಗೆ ಹಲಗೆ ಹೊಡೆದರೆ ನಿಲ್ಲುತ್ತದೆ. ಹೇಳಿಕಳಿಸಿದ್ದೇನೆ.

೨೧ ಜುಲೈ, ಭಾನುವಾರ

ಬರೆಯದೆ ಒಂದು ತಿಂಗಳಾಯಿತು, ಪುರುಸೊತ್ತಿಲ್ಲ. ನಮ್ಮ ಅಡುಗೆಮನೆ ನೋಡಿ ಕರೆದರೆಂದು ನಿನ್ನೆ ಕೊಟ್ಟಿಗೆಹಾರದಲ್ಲಿ ಒಬ್ಬರ ಮನೆ ನೋಡಲು ಹೋಗಿದ್ದೆ. ಅವರ ಒಲೆ ಪೂರ್ತಿ ತಪ್ಪು ಜಾಗದಲ್ಲಿದೆ, ನೇರವಾಗಿ ಹಾಗೇ ಹೇಳಿಬಂದೆ. ಮೊನ್ನೆ ರಹೀಮಾಳ ಅಡುಗೆಮನೆ ಗೋಡೆಗೆ ಕಿಟಕಿ ಎಲ್ಲಿ ಒಡೆಯಬೇಕೆಂದು ಮಸಿಯಲ್ಲಿ ಗುರುತು ಹಾಕಿಕೊಟ್ಟೆ. ಮೇಸ್ತ್ರಿ ಎರಡು ಇಂಚು ಬಲಕ್ಕೆ ಎಂದರು, ಬೇಡ ಎಂದೆ.

ಇವತ್ತು ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದೆ. ಇವರು ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು, ಕಣ್ಣಿಗೆ. ಮಳೆ ಒಂದೇ ಸಮ ಹೊಡೆಯುತ್ತಿತ್ತು. ರಸ್ತೆಯ ಮೇಲೆ ಭಾವ ನಡೆದು ಬರುತ್ತಿರುವುದು ಕಂಡಿತು. ಜೀಪು ಗ್ಯಾರೇಜಿನಲ್ಲಿದೆಯಂತೆ, ಬಸ್ಸಿಗೆ ಬಂದಿದ್ದಾರೆ. ಛತ್ರಿ ಗಾಳಿಗೆ ಮೇಲುಮುಖವಾಗಿ ಮಗುಚಿ ಕಡ್ಡಿಯೆಲ್ಲ ಹೊರಗೆ ಬಂದಿತ್ತು. ಹತ್ತಿರದಲ್ಲಿ ನಿಲ್ಲಲು ಬೇರೆ ಜಾಗ ಇರಲಿಲ್ಲ. ನಮ್ಮ ಸೂರಿನ ಕೆಳಗೆ ಬಂದು, ಗೋಡೆಗೆ ಬೆನ್ನು ಕೊಟ್ಟು ನಿಂತರು.

"ಒಳಗೆ ಬನ್ನಿ ಭಾವ."

"ಬೇಡ. ಕಾಲೆಲ್ಲ ಕೆಸರು."

ಮತ್ತೆ ಕರೆಯಲಿಲ್ಲ. ರೊಟ್ಟಿ ತಿರುವಿ ಹಾಕಿದೆ. ಅವರು ಗೋಡೆಯ ಮೇಲೆ ಕೈಯಿಟ್ಟು ನೋಡುತ್ತಿದ್ದರು, ಕಿಟಕಿಯ ಕೆಳಗೆ, ಆಮೇಲೆ ಕಿಟಕಿಯ ಕಟ್ಟೆ. ಗೋಡೆ ಒಣಗಿಯೇ ಇತ್ತು. ತಲೆಯೆತ್ತಿ ಹಲಸಿನ ಆಸರೆ ನೋಡಿದರು.

"ನಾಲ್ಕೂವರೆ ಅಡೀನಾ?"

"ನಾಲ್ಕೂವರೆ."

"ಆ ಎಡಗಡೆ ಹಲಗೆ ಯಾಕೆ?"

"ಮೊದಲು ಅಲ್ಲಿ ನೀರು ಬರ್ತಿತ್ತು. ನಾನು ಗಾಳಿ ಲೆಕ್ಕ ತಪ್ಪಿದ್ದೆ. ಈಗ ಬರಲ್ಲ."

ಭಾವ ಸರಿ ಎಂದು ಹೇಳಲಿಲ್ಲ, ನಾನು ಕಾಯಲೂ ಇಲ್ಲ. ಬೆಂದ ರೊಟ್ಟಿಯನ್ನು ತಟ್ಟೆಗೆ ಹಾಕಿ, ಕಾಯಿಚಟ್ನಿ ಬಡಿಸಿ ಕಿಟಕಿಯಿಂದಲೇ ಕೊಟ್ಟೆ. ನಿಂತುಕೊಂಡೇ ತಿಂದರು. ತಿನ್ನುತ್ತಾ ನನ್ನ ಕೈಯನ್ನೇ ನೋಡುತ್ತಿದ್ದರು: ಹಿಟ್ಟು ತೆಗೆದು ಉಂಡೆ ಮಾಡಿ, ಬಾಳೆ ಎಲೆಯ ಮೇಲೆ ಇಟ್ಟು, ಬೆರಳಿಗೆ ನೀರು ಮುಟ್ಟಿಸಿ ಸುತ್ತಲೂ ತಟ್ಟುವುದು. ನನ್ನ ಮದುವೆಯಾದಾಗಿನಿಂದ ಮೂವತ್ತು ವರ್ಷ ನನ್ನ ಕೈಯ ರೊಟ್ಟಿ ತಿಂದವರು, ತಟ್ಟುವುದನ್ನು ನೋಡಿದ್ದು ಇವತ್ತೇ ಇರಬೇಕು.

ತಟ್ಟೆ ಖಾಲಿಯಾಯಿತು. ಕಿಟಕಿ ಕಟ್ಟೆಯ ಮೇಲೆ ಇಟ್ಟರು. ಧರ್ಮಸ್ಥಳದ ಕಡೆಯ ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ.

"ಇನ್ನೊಂದು ಇದ್ರೆ ಹಾಕು."

"ಇನ್ನೂ ತಟ್ತಾ ಇದೀನಿ ಭಾವ. ಕಾಯ್ಬೇಕು."

ಕಾದರು.